ಮೀನಿಗೊಂದು ಮರದ ಮರೆ

ಗಾಜಿನ ತೊಟ್ಟಿಯೊಂದಕ್ಕೆ ಮರಳು ಹಾಸಿ, ನೀರು ತುಂಬಿ, ನಾಲ್ಕು ಜಲಸಸ್ಯಗಳನ್ನು ನೆಟ್ಟು ಚಾವಡಿಯ ಮೇಜಿನ ಮೇಲಿಟ್ಟರೆ, ಮನೆಗೆ ಬಂದವರೆಲ್ಲರೂ ಚಪ್ಪಲಿ ಕಳಚುವ ಮೊದಲೇ ಕೇಳುವ ಪ್ರಶ್ನೆ ಒಂದೇ: “ಮೀನೆಲ್ಲಿ?” ಹೊಸ ಮನೆ ಕಟ್ಟಿದವನನ್ನು ಹಿಡಿದು ಬಾಗಿಲಲ್ಲೇ ಮಕ್ಕಳೆಷ್ಟು ಎಂದು ವಿಚಾರಿಸುವ ಜನ ನಾವು, ಗೋಡೆಯ ಬಣ್ಣ ಆಮೇಲೆ. ಆದರೆ ನನ್ನ ಆ ತೊಟ್ಟಿಯ ಮುಂದೆ ಕುಳಿತಾಗ ನನಗೆ ಮೀನಿನ ಅಭಾವ ಅಷ್ಟಾಗಿ ಕಾಡುತ್ತಿರಲಿಲ್ಲ. ಅಲ್ಲಿ ಮರವೊಂದು ಇರಬೇಕಿತ್ತು ಎನ್ನಿಸುತ್ತಿತ್ತು. ನೀರಿನಲ್ಲಿ ಬಿದ್ದು, ನೀರಿನಲ್ಲೇ ಮಾಗಿ, ಪಾಚಿಯ ಮಖಮಲ್ಲು ಹೊದ್ದು ಮಲಗಿದ ಒಂದು ನಿಜವಾದ ಮರದ ತುಂಡು. ಅದಿಲ್ಲದೆ ನನ್ನ ಜಲೋದ್ಯಾನ ತರಕಾರಿ ಮಡಿಯಂತೆ ಕಾಣುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಮಂಗಳೂರಿನಲ್ಲಿ ಅಕ್ವೇರಿಯಂ ಎಂಬ ಪದವನ್ನು ಉಚ್ಚರಿಸಬಲ್ಲವರು ಸಾಕಷ್ಟಿದ್ದರು, ಅದನ್ನು ಮಾರುವವರು ಒಬ್ಬರೂ ಇರಲಿಲ್ಲ. ಫಳ್ನೀರಿನ ಬಾಡಿಗೆ ಮನೆಯಲ್ಲಿದ್ದುಕೊಂಡು ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸುತ್ತಿದ್ದ ನಾನು, ಯಾವುದೋ ಹಳೆಯ ಇಂಗ್ಲಿಷ್ ಸಚಿತ್ರ ಪತ್ರಿಕೆಯ ಒಂದು ಪುಟಕ್ಕೆ ಮರುಳಾಗಿ, ಗ್ರಿಲ್ಲು ಮಾಡುವವನಿಂದ ಕಬ್ಬಿಣದ ಚೌಕಟ್ಟು ಮಾಡಿಸಿ, ಕಿಟಕಿಯ ಗಾಜು ಕೂರಿಸಿ, ಸಂದುಗಳಿಗೆ ಪುಟ್ಟಿ ಮೆತ್ತಿ, ಮೂರು ಸಲ ಸೋರಿದ್ದನ್ನು ಮೂರು ಸಲ ಸರಿಪಡಿಸಿ, ಕಡೆಗೂ ಒಂದು ತೊಟ್ಟಿಯ ಒಡೆಯನಾಗಿದ್ದೆ. ಗದ್ದೆಯ ಬದಿಯ ಕೆರೆಯಿಂದ ರಿಬ್ಬನ್ನಿನಂಥ ಎಲೆಗಳ ವ್ಯಾಲಿಸ್ನೇರಿಯಾ ತಂದು ನೆಟ್ಟಿದ್ದೆ. ಈ ಗಿಡದ ಪರಾಗಸ್ಪರ್ಶವನ್ನು ಹತ್ತು ವರ್ಷಗಳಿಂದ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದರೂ, ಗಿಡವನ್ನು ಕೈಯಾರೆ ಮುಟ್ಟಿದ್ದು ಅದೇ ಮೊದಲು. ಇದನ್ನು ದಯವಿಟ್ಟು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಡಿ.

ಮರ ಹುಡುಕುವ ಮೊದಲ ಯಾತ್ರೆ ಉಳ್ಳಾಲಕ್ಕೆ. ಮಳೆಗಾಲ ಮುಗಿದ ಮೇಲೆ ಅಲ್ಲಿನ ಕಡಲ ದಂಡೆಯಲ್ಲಿ ಅಲೆಗಳು ತಂದೆಸೆದ ಕೊಂಬೆ, ಬೇರು, ತೆಂಗಿನ ಬುಡಗಳು ಸಾಲಾಗಿ ಬಿದ್ದಿರುತ್ತವೆ. ಅವುಗಳ ನಡುವೆ ಜಿಂಕೆಯ ಕೊಂಬಿನಂತೆ ಕವಲೊಡೆದ, ಬಿಸಿಲಿಗೂ ಉಪ್ಪಿಗೂ ಬಿಳುಚಿ ಬೆಳ್ಳಿಯಂತಾದ ಒಂದು ಟೊಂಗೆ ಕಣ್ಣಿಗೆ ಬಿದ್ದಾಗ ನನಗಾದ ರೋಮಾಂಚನವನ್ನು ಏನೆಂದು ಹೇಳಲಿ! ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನು ಹೆಗಲ ಮೇಲೆ ಹೊತ್ತು, ಎದುರು ಬಂದವರೆಲ್ಲ ಸೌದೆ ಎಂದುಕೊಂಡು ಕನಿಕರದಿಂದ ನೋಡಿದರೂ ಲೆಕ್ಕಿಸದೆ, ಮನೆಗೆ ತಂದೆ. ತೊಟ್ಟಿಗೆ ಇಳಿಸಿದೆ. ಅದು ಸಲೀಸಾಗಿ ಮೇಲೆದ್ದು ತೇಲಿತು. ಒತ್ತಿ ಹಿಡಿದೆ; ಕೈ ಬಿಟ್ಟೊಡನೆ ಎದ್ದಿತು. ಕಡೆಗೆ ಒಂದು ಕಲ್ಲಿಗೆ ಸೆಣಬಿನ ಹಗ್ಗದಿಂದ ಬಿಗಿದು, ಮರಳಿನೊಳಗೆ ಹೂತು, ಗಿಡಗಳನ್ನು ಅದರ ಸುತ್ತ ಮತ್ತೆ ನೆಟ್ಟು, ವಿಜಯಿಯಾಗಿ ಶಾಲೆಗೆ ಹೋದೆ.

ಸಂಜೆ ಬಂದಾಗ ನನ್ನ ಹೆಂಡತಿ ಸುಮತಿ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ದುಃಖವೂ ಇತ್ತು, ಅದರ ಹಿಂದೆ ತಡೆದುಕೊಂಡ ನಗುವೂ ಇತ್ತು.

“ನಿಮ್ಮ ಕಾಡು ತೇಲ್ತಾ ಉಂಟು,” ಎಂದಳು.

ಹಗ್ಗ ಸಡಿಲಿ, ಟೊಂಗೆ ಬಾಣದಂತೆ ಚಿಮ್ಮಿ, ತನ್ನ ಕವಲುಗಳಲ್ಲಿ ನನ್ನ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತುಕೊಂಡು ಮೇಲೆ ಬಂದಿತ್ತು. ನೀರು ಕೆಸರು. ಎರಡು ದಿನಗಳಲ್ಲಿ ಆ ಟೊಂಗೆಯ ಉಪ್ಪಿಗೆ ಅರ್ಧ ಗಿಡಗಳು ಕೊಳೆತೂ ಹೋದವು. ಪತ್ರಿಕೆಯ ಆ ಪುಟದಲ್ಲಿ ಚಿತ್ರವಿತ್ತೇ ಹೊರತು ಇಂಥ ವಿಪತ್ತುಗಳ ವಿವರಗಳಿರಲಿಲ್ಲ.

ಮರದ ವಿಷಯವನ್ನು ಮರ ಬಲ್ಲವರಲ್ಲೇ ಕೇಳಬೇಕೆಂಬ ವಿವೇಕ ಆಗ ಉದಯಿಸಿತು. ಬಂದರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಉಸ್ಮಾನ್ ಬ್ಯಾರಿಯವರು ನನಗೆ ಪರಿಚಿತರು; ಅವರ ಮಗಳು ನನ್ನ ಶಿಷ್ಯೆಯಾಗಿದ್ದಳು. ಅಜ್ಜನ ಕಾಲದಿಂದ ಹೊಳೆಯಲ್ಲಿ ತೇಲಿ ಬಂದ ದಿಮ್ಮಿಗಳನ್ನು ಕೊಂಡು ಮಾರಿದ ಮನೆತನ. ನಾನು ತಂದಿದ್ದ ಟೊಂಗೆಯನ್ನು ಅವರು ಬೆರಳ ಗಂಟಿನಿಂದ ತಟ್ಟಿದರು, ಮೂಸಿದರು, ಆಮೇಲೆ ನಾನು ನೋಡನೋಡುತ್ತಿರುವಂತೆ ನಾಲಗೆಯ ತುದಿಯಿಂದ ನೆಕ್ಕಿದರು.

“ಮಾಷ್ಟ್ರೇ, ಇದು ಕಡಲಿನದ್ದು. ಉಪ್ಪು ಉಂಟು. ಒಳಗೆ ಗಾಳಿ ತುಂಬಿ ಹೋಗಿದೆ, ಇದು ಮುಳುಗುವ ಜಾತಿ ಅಲ್ಲ,” ಎಂದರು.

“ಮತ್ತೆ ಎಂಥದ್ದು ಬೇಕು?”

“ತೇಲಿ ಬಂದದ್ದು ನಿಮಗೆ ಬೇಡ ಮಾರಾಯ್ರೆ. ಮುಳುಗಿ ಕೂತದ್ದು ಬೇಕು. ಹೊಳೆಯ ತಳದಲ್ಲಿ ವರ್ಷಗಟ್ಟಲೆ ನೀರು ಕುಡಿದ ಬೇರು ಸಿಕ್ಕಿದರೆ ಅದು ಕಲ್ಲಿಗಿಂತ ಭಾರ. ಬಲೆ ಹಾಕುವವರಲ್ಲಿ ಕೇಳಿ. ಅವರ ಬಲೆಗೆ ಆಗಾಗ ಸಿಕ್ಕಿಕೊಳ್ತದೆ. ಅವರಿಗೆ ಅದು ಶನಿ, ನಿಮಗೆ ಶುಕ್ರ!”

ಬಲೆ ಹಾಕುವವರಲ್ಲಿ ನನಗೆ ಗೊತ್ತಿದ್ದದ್ದು ದೇಯಕ್ಕ. ಹೊಳೆಯಾಚೆಯ ಬೆಂಗ್ರೆಯವರು. ಗಂಡ, ಮೈದುನಂದಿರು ಹಿಡಿದ ಮೀನನ್ನು ಬುಟ್ಟಿಯಲ್ಲಿ ಹೊತ್ತು, ದೋಣಿಯಲ್ಲಿ ಹೊಳೆ ದಾಟಿ, ಪ್ರತಿದಿನ ಹನ್ನೊಂದರ ಹೊತ್ತಿಗೆ ನಮ್ಮ ಬೀದಿಯಲ್ಲಿ “ಮೀನ್ ಬೋಡೇ?” ಎಂದು ಕೂಗುತ್ತಾ ಬರುತ್ತಿದ್ದರು. ಬೇಕೇ ಎಂಬ ಪ್ರಶ್ನೆಯೇ ಅದು. ಆದರೆ ಅವರ ಕಂಠದಲ್ಲಿ ಅದು ಆಜ್ಞೆಯಂತೆ ಕೇಳಿಸುತ್ತಿತ್ತು. ಐವತ್ತು ದಾಟಿದ, ನೆಟ್ಟಗಿನ ಬೆನ್ನಿನ, ಚೌಕಾಶಿಯಲ್ಲಿ ಇಡೀ ಫಳ್ನೀರನ್ನು ಮಣಿಸಿದ ಹೆಂಗಸು. ಬೀದಿಯಲ್ಲಿ ಅವರ ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿದ್ದರೂ, ನನ್ನೊಂದಿಗೆ ಮಾತ್ರ ಅವರಿಗೆ ತಮ್ಮ ಕನ್ನಡವನ್ನು ಪ್ರದರ್ಶಿಸುವ ಉಮೇದು, ಮಾಷ್ಟ್ರಲ್ಲವೇ. ನಾನು ಬೇರಿನ ವಿಷಯ ತೆಗೆದದ್ದೇ ತಡ, ಬುಟ್ಟಿ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತರು.

“ಉಂಟು! ನಮ್ಮ ಅಂಗಳದಲ್ಲೇ ಬಿದ್ದುಕೊಂಡುಂಟು ಆ ಪಾಪಿ. ಹೋದ ತಿಂಗಳು ನಮ್ಮ ಹೊಸ ಬಲೆಯನ್ನು ಹರಿದು ಹಾಕಿದ್ದು ಅದೇ. ಎಳೆದು ತಂದು ಒಲೆಗೆ ಹಾಕುವ ಅಂತ ನೋಡಿದೆ. ಬೆಂಕಿಯೂ ಹತ್ತುದಿಲ್ಲ ಅದಕ್ಕೆ! ನಿಮಗೆ ಎಂತಕ್ಕೆ?”

“ಮೀನಿಗೆ ಅಡಗಿ ಕೂರಲು.”

ದೇಯಕ್ಕ ಒಳಗಿದ್ದ ಸುಮತಿಯತ್ತ ತಿರುಗಿ, “ಮಗಳೇ, ಇವರಿಗೆ ಜ್ವರ ಎಂತಾದರೂ ಉಂಟಾ?” ಎಂದರು. ಆದರೆ ಬರುವ ಆದಿತ್ಯವಾರ ಬಂದು ತೆಗೆದುಕೊಂಡು ಹೋಗಿ ಎಂದೂ ಹೇಳಿದರು, ಜೊತೆಗೊಂದು ಶರತ್ತು. “ಅದನ್ನು ನೀವು ಎಂತ ಮಾಡ್ತೀರಿ ಅಂತ ನನಗೆ ತೋರಿಸಬೇಕು. ನಮ್ಮ ಬಲೆ ಹರಿದವ ಎಲ್ಲಿ ಹೋಗಿ ಕೂರ್ತಾನೆ ಅಂತ ನಾನು ನೋಡಬೇಕು.”

ಆದಿತ್ಯವಾರ ಬೆಳಿಗ್ಗೆ ದೋಣಿ ದಾಟಿ ಬೆಂಗ್ರೆಗೆ ಹೋದೆ. ಒಣಹಾಕಿದ ಬಲೆಗಳ ನಡುವೆ, ಮರಳಿನ ಮೇಲೆ, ಅದು ಬಿದ್ದಿತ್ತು: ಕಡುಗಪ್ಪು ಬೇರು, ಮೊಣಕೈ ಉದ್ದ, ಒಂದು ಬದಿಯಲ್ಲಿ ಹಸ್ತದಷ್ಟು ನಯವಾದ ಸಮತಲ, ಅದಕ್ಕೆ ತಾಗಿಯೇ ನೀರು ಕೊರೆದು ಮಾಡಿದ ಗುಹೆ, ಮೇಲೆ ಐದಾರು ಬೆರಳುಗಳಂತೆ ಹರಡಿದ ಕವಲು. ಒಂದು ಕವಲಿನಲ್ಲಿ ಬಲೆಯ ನೂಲಿನ ತುಣುಕೊಂದು ಇನ್ನೂ ಸುತ್ತಿಕೊಂಡಿತ್ತು. ಎತ್ತಲು ಹೋದವನು ಹಾಗೆಯೇ ಮುಗ್ಗರಿಸಿದೆ. ಉಸ್ಮಾನ್ ಬ್ಯಾರಿಯವರ ಮಾತು ಅಕ್ಷರಶಃ ನಿಜವಾಗಿತ್ತು. ಗೋಣಿಯಲ್ಲಿ ಸುತ್ತಿ ದೋಣಿಯಲ್ಲಿಟ್ಟಾಗ ಅಂಬಿಗ ಕೂಡ, ಒಳಗೆ ಕಬ್ಬಿಣವಾ ಎಂದು ಕೇಳಿದ.

ಪತ್ರಿಕೆಯ ಪ್ರಕಾರ ಇಂಥ ಮರವನ್ನು ತೊಟ್ಟಿಗಿಳಿಸುವ ಮೊದಲು ಚೆನ್ನಾಗಿ ಕುದಿಸಬೇಕು. ಅಷ್ಟು ದೊಡ್ಡದನ್ನು ಕುದಿಸಬಲ್ಲ ಪಾತ್ರೆ ಮನೆಯಲ್ಲಿದ್ದದ್ದು ಒಂದೇ, ಬಚ್ಚಲಿನ ತಾಮ್ರದ ಹಂಡೆ. ಸುಮತಿ ಪೇಟೆಗೆ ಹೋಗಿದ್ದಾಗ ಬೇರನ್ನು ಅದರೊಳಗೆ ಇಳಿಸಿ ಒಲೆಗೆ ಬೆಂಕಿ ಕೊಟ್ಟೆ. ಬೇರು ನೀರಿಗೆ ತನ್ನ ಪೂರ್ವಜನ್ಮದ ಬಣ್ಣವನ್ನೆಲ್ಲ ಬಿಟ್ಟುಕೊಟ್ಟಿತು. ತೆಗೆದು, ನೀರು ಚೆಲ್ಲಿ, ಮತ್ತೆ ತುಂಬಿ, ಮತ್ತೆ ಕುದಿಸಿ, ಹೀಗೆ ಮೂರು ಆವೃತ್ತಿಗಳಾದ ಮೇಲೆ, ನಾಲ್ಕನೆಯ ನೀರನ್ನು ಚೆಲ್ಲುವುದಕ್ಕೆ ಮರೆತು, ಬೇರನ್ನು ಮಾತ್ರ ಎತ್ತಿಕೊಂಡು ಚಾವಡಿಗೆ ಓಡಿದೆ. ಸುಮತಿ ಮರಳಿ ಬಂದು ತಲೆಸ್ನಾನಕ್ಕೆ ಹೋದವಳು ಬಚ್ಚಲಿನಿಂದಲೇ ಕೂಗಿದಳು:

“ಇದೆಂತ ನೀರು? ಕಷಾಯವಾ?”

“ಕೂದಲಿಗೆ ಒಳ್ಳೆಯದು,” ಎಂದೆ. ಆ ದಿನ ನನಗೆ ಕಾಫಿ ಸಿಗಲಿಲ್ಲ.

ಆದರೆ ಬೇರನ್ನು ತೊಟ್ಟಿಗಿಳಿಸಿದ ಆ ಕ್ಷಣ! ಅದು ತೇಲಲಿಲ್ಲ, ತೂಗಾಡಲಿಲ್ಲ. ಗಂಭೀರವಾಗಿ ಕೆಳಗಿಳಿದು, ಮರಳಿನಲ್ಲಿ ಒಂದಂಗುಲ ಹೂತು, ಯುಗಗಳಿಂದ ಅಲ್ಲೇ ಇದ್ದಂತೆ ಕುಳಿತುಬಿಟ್ಟಿತು. ಹೊಸದಾಗಿ ತಂದು ನೆಟ್ಟ ಹಸಿರು ರಿಬ್ಬನ್ನುಗಳು ಅದರ ಹಿಂದಿನಿಂದ ಬಳುಕಿ ಇಣುಕಿದವು. ತರಕಾರಿ ಮಡಿಯಾಗಿದ್ದದ್ದು ನೋಡನೋಡುತ್ತ ಹೊಳೆಯ ಒಂದು ತುಂಡಾಯಿತು. ಗುಹೆಯೂ ನಯವಾದ ಮುಖವೂ ಎರಡೂ ಜನರಿಗೆ ಕಾಣಬೇಕೆಂದು ಅದನ್ನು ಓರೆಯಾಗಿ ಎದುರಿಗೇ ತಿರುಗಿಸಿಟ್ಟೆ. ಕೋಪದಲ್ಲಿದ್ದ ಸುಮತಿಯೂ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬಂದು, “ಚಂದ ಉಂಟು,” ಎಂದು, ತಾನು ಕೋಪದಲ್ಲಿರುವುದು ನೆನಪಾಗಿ ಒಳಗೆ ಹೋದಳು. ಮುಂದಿನ ಒಂದು ವಾರ ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು, ನಾನು ಕೊಡಗಟ್ಟಲೆ ಬದಲಾಯಿಸುತ್ತಿದ್ದೆ. ಕೊನೆಗೆ ಅದು ತೆಳುವಾದ ಜೇನಿನ ಬಣ್ಣಕ್ಕೆ ಬಂದು ನಿಂತಿತು.

ಆಗ ಬಂದರು ದೇಯಕ್ಕ, ಶರತ್ತಿನ ಪ್ರಕಾರ ತಮ್ಮ ವೈರಿಯನ್ನು ನೋಡಲು. ಬರಿಗೈಯಲ್ಲಿ ಬರಲಿಲ್ಲ. ತಲೆಯ ಮೇಲೆ ಮೀನಿನ ಬುಟ್ಟಿ, ಕಂಕುಳಲ್ಲಿ ಬಾಳೆಲೆಯಿಂದ ಬಾಯಿ ಮುಚ್ಚಿದ ಒಂದು ಮಡಕೆ. ಎಲೆ ಸರಿಸಿದರೆ ಒಳಗೆ ಎರಡು ಜೀವಂತ ಮೀನು! ಬೆಳ್ಳಿ ರೂಪಾಯಿಯ ಅಗಲ, ಅರಿಸಿನದ ಮೈ, ಪಕ್ಕೆಯಲ್ಲಿ ದೃಷ್ಟಿಬೊಟ್ಟಿನಂತೆ ಒಂದು ಕಪ್ಪು ಚುಕ್ಕೆ.

“ಬೆಂಗ್ರೆಯ ಹೊಳೆಯದ್ದು. ಮಳೆಗಾಲದಲ್ಲಿ ಅಲ್ಲಿ ಸಿಹಿನೀರೇ ಅಲ್ಲವಾ, ನಿಮ್ಮ ಬಾವಿ ನೀರು ಇವಕ್ಕೆ ಆಗ್ತದೆ,” ಎಂದರು. ಆಮೇಲೆ ತಾವೇ ನಕ್ಕರು. “ಮೂವತ್ತು ವರ್ಷದಿಂದ ಹೊಳೆ ದಾಟಿಸ್ತಾ ಇದ್ದೇನೆ ಮಾಷ್ಟ್ರೇ. ಮೀನು ಸಾಯಬಾರದು ಅಂತ ದೇವರಿಗೆ ಕೈಮುಗಿದದ್ದು ಇವತ್ತೇ ಮೊದಲು. ದೋಣಿಯಲ್ಲಿದ್ದವರೆಲ್ಲ ನಗಾಡಿದರು.”

ಮೀನುಗಳನ್ನು ನೀರಿಗೆ ಬಿಟ್ಟೆವು. ಅವು ಒಮ್ಮೆ ತತ್ತರಿಸಿ, ಗಾಜಿಗೆ ಮೂತಿ ತಾಗಿಸಿ, ಮರುಕ್ಷಣ ಎರಡೂ ಸೇರಿ ಬೇರಿನ ಗುಹೆಯೊಳಗೆ ನುಗ್ಗಿ ಮರೆಯಾದವು. ದೇಯಕ್ಕ ನೆಲದ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಒಂದು ಹಳದಿ ಮುಖ ಹೊರಗೆ ಇಣುಕಿತು, ಆಮೇಲೆ ಇನ್ನೊಂದು. ಮೀನನ್ನು ಬಲೆಯಲ್ಲಿ, ಬುಟ್ಟಿಯಲ್ಲಿ, ಕತ್ತಿಯ ಕೆಳಗೆ ಲಕ್ಷಗಟ್ಟಲೆ ನೋಡಿದ ಆ ಹೆಂಗಸು, ಅದು ತನ್ನ ನೀರಿನಲ್ಲಿ ತನ್ನಷ್ಟಕ್ಕೆ ಉಸಿರಾಡುವುದನ್ನು ಬದಿಯಿಂದ ನೋಡುತ್ತಿದ್ದರು.

“ರೆಪ್ಪೆಯೇ ಇಲ್ಲ ಅಲ್ಲವಾ ಇವಕ್ಕೆ,” ಎಂದರು ಮೆಲ್ಲಗೆ. “ಎಲ್ಲ ಬದಿಯಲ್ಲೂ ಗಾಜು. ಪಾಪ, ಈ ಬೇರು ಇಲ್ಲದಿದ್ದರೆ ಎಲ್ಲಿ ಹೋಗ್ತಿದ್ದವು?”

ಮೂರನೆಯ ವಾರದಲ್ಲಿ ನನ್ನ ಭಾಗ್ಯ ಕುದುರಿತು. ಒಂದು ಬೆಳಿಗ್ಗೆ ನೋಡುತ್ತೇನೆ: ಎರಡೂ ಮೀನು ಬೇರಿನ ನಯವಾದ ಮುಖವನ್ನು ಬಾಯಿಯಿಂದ ಉಜ್ಜಿ ಉಜ್ಜಿ ಸ್ವಚ್ಛ ಮಾಡುತ್ತಿವೆ, ಹಬ್ಬದ ಮುನ್ನಾದಿನ ಅಂಗಳ ಸಾರಿಸುವವರಂತೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಸಾಸಿವೆಗಿಂತ ಚಿಕ್ಕದಾದ ಮೊಟ್ಟೆಗಳು, ನೂರಕ್ಕೂ ಮಿಕ್ಕಿ, ಒತ್ತೊತ್ತಾಗಿ ಅಂಟಿಕೊಂಡಿದ್ದವು. ತಾಯಿ ರೆಕ್ಕೆ ಬೀಸಿ ಅವುಗಳಿಗೆ ಗಾಳಿ ಹಾಕುತ್ತಿತ್ತು, ಅಂದರೆ ನೀರು ಹಾಕುತ್ತಿತ್ತು. ತಂದೆ ಕಾವಲು ತಿರುಗುತ್ತಿತ್ತು. ಪುಸ್ತಕದಲ್ಲಿ ಓದದ, ಬೋರ್ಡಿನ ಮೇಲೆ ಬರೆಯದ ಸಂಗತಿ ನನ್ನ ಚಾವಡಿಯಲ್ಲಿ ನಡೆಯುತ್ತಿತ್ತು! ನಾನು ಉನ್ಮತ್ತನಾದೆ. ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಘೋಷಿಸಿದೆ, ಬೀದಿಯಲ್ಲಿ ಸಾರಿದೆ, ಬಂದರಿಗೆ ಹೋಗಿ ಉಸ್ಮಾನ್ ಬ್ಯಾರಿಯವರನ್ನೂ ಕರೆದೆ. ಮಾರನೆಯ ದಿನ ಸಂಜೆ ನಮ್ಮ ಚಾವಡಿ ಸಭಾಂಗಣವಾಯಿತು. ಹನ್ನೊಂದು ಮಂದಿ ಸಹೋದ್ಯೋಗಿಗಳು, ನೆರೆಯ ನಾಲ್ಕು ಸಂಸಾರಗಳು. ಒಬ್ಬರು ಗಾಜಿಗೆ ಬೆರಳಿಂದ ಟಕಟಕ ಬಡಿದರು; ಇನ್ನೊಬ್ಬರು ಟಾರ್ಚ್ ಬಿಟ್ಟರು; ಗಣಿತದ ಮೇಷ್ಟ್ರು ಮೊಟ್ಟೆ ಎಣಿಸಲು ಹೊರಟು, ತಪ್ಪಿ, ಮೊದಲಿನಿಂದ ಆರಂಭಿಸಿದರು. ನಾನು ಬೆತ್ತದಿಂದ ಗಾಜಿನ ಮೇಲೆ ಗುರುತಿಸಿ ಗುರುತಿಸಿ ವಿವರಣೆ ಕೊಟ್ಟೆ. ಉಸ್ಮಾನ್ ಬ್ಯಾರಿಯವರು ಮಾತ್ರ ಹಿಂದೆ ನಿಂತು, “ಸಾಕು ಮಾಷ್ಟ್ರೇ, ಅವಕ್ಕೆ ಗಾಬರಿ ಆಗಿದೆ,” ಎಂದದ್ದು ಕೇಳಿಸಿತು. ಕೇಳಿಸಿದರೂ ಕೇಳಲಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಬೇರಿನ ಮುಖ ಬರಿದಾಗಿತ್ತು. ಒಂದು ಮೊಟ್ಟೆಯೂ ಇರಲಿಲ್ಲ. ಎರಡೂ ಮೀನು, ಬಣ್ಣ ಮಾಸಿ, ಎರಡು ಮೂಲೆಗಳಲ್ಲಿ ನಿಂತಿದ್ದವು.

ಯಾರು ತಿಂದರು ಎಂದು ಸುಮತಿ ಕೇಳಿದಳು. ಬಹಳ ಹೆದರಿದ ಮೀನು ತನ್ನ ಮೊಟ್ಟೆಯನ್ನು ತಾನೇ ತಿಂದುಬಿಡುತ್ತದೆ ಎಂಬುದು ನನಗೆ ಗೊತ್ತಿತ್ತು. ಹೇಳಿದೆ. ಹಂಡೆಯ ನೀರಿಗೆ ಸಿಟ್ಟಾಗಿದ್ದವಳು ಇದಕ್ಕೆ ಸಿಟ್ಟಾಗಲಿಲ್ಲ, ಸೆರಗಿನಿಂದ ಗಾಜಿನ ಮೇಲಿನ ಬೆರಳ ಗುರುತುಗಳನ್ನು ಒಂದೊಂದಾಗಿ ಒರೆಸಿದಳು. ಆ ದಿನ ತರಗತಿಯಲ್ಲಿ ನನಗೆ ಪಾಠ ಸಾಗಲಿಲ್ಲ.

ಬಯ್ಯುವ ಕೆಲಸವನ್ನು ಹನ್ನೊಂದು ಗಂಟೆಗೆ ಬಂದ ದೇಯಕ್ಕ ಮಾಡಿದರಂತೆ. ಮರುದಿನ ಆದಿತ್ಯವಾರ ನಾನು ಮನೆಯಲ್ಲಿದ್ದಾಗ ಇನ್ನೊಮ್ಮೆ, ನನ್ನ ಸಮಕ್ಷಮದಲ್ಲಿ, ಮಾಡಿದರು.

“ಬಾಣಂತಿಯ ಕೋಣೆಗೆ ಊರಿನವರನ್ನೆಲ್ಲ ಕರೆದು ಬೆತ್ತದಲ್ಲಿ ತೋರಿಸ್ತಾರಾ? ನಿಮಗೆ ಮೀನು ಬೇಕಾದದ್ದಾ ಮಾಷ್ಟ್ರೇ, ಜನ ಬೇಕಾದದ್ದಾ?”

ಹತ್ತು ವರ್ಷ ಪಾಠ ಹೇಳಿದವನಿಗೆ, ಕಂಡದ್ದನ್ನೆಲ್ಲ ಕೂಡಲೇ ನಾಲ್ಕು ಜನರಿಗೆ ತೋರಿಸದಿದ್ದರೆ ಕಂಡಂತೆಯೇ ಅನ್ನಿಸುವುದಿಲ್ಲ; ಅದು ನನ್ನ ವೃತ್ತಿಯ ವ್ಯಾಧಿ. ನಾನು ಗುಹೆಯನ್ನು ಜನರತ್ತ ತಿರುಗಿಸಿಟ್ಟಿದ್ದೆ. ಮರ ತಂದಿದ್ದೆ, ಮರೆ ಕೊಟ್ಟಿರಲಿಲ್ಲ.

ದೇಯಕ್ಕ ತೋಳಿನವರೆಗೆ ಕೈ ನೀರಿನಲ್ಲಿಳಿಸಿ, ಒಂದು ಎಲೆಯೂ ಅಲುಗದಂತೆ, ಬೇರನ್ನು ನಿಧಾನವಾಗಿ ತಿರುಗಿಸಿದರು. ಗುಹೆಯೂ ನಯವಾದ ಮುಖವೂ ಗೋಡೆಯ ಕಡೆಗೆ ಹೋದವು. ನಮ್ಮ ಕಡೆಗೆ ಉಳಿದದ್ದು ಒರಟು ಬೆನ್ನು. ಎಡ ಬಲದ ಗಾಜುಗಳಿಗೆ ಸುಮತಿಯ ಹಳೆಯ ಸೀರೆಯ ತುಂಡು ಇಳಿಬಿಟ್ಟರು. “ಆಹಾರ ಹಾಕುದು ಇವಳು. ನೀವು ಹತ್ತಿರ ಬರಬಾರದು,” ಎಂದು ಆಜ್ಞೆಯಾಯಿತು. ಹೀಗೆ ನಾನು ನನ್ನದೇ ತೊಟ್ಟಿಯಿಂದ ಬಹಿಷ್ಕೃತನಾದೆ.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಚಾವಡಿಯ ಇನ್ನೊಂದು ತುದಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುವ ನಟನೆ ಮಾಡುತ್ತ, ಆ ಕಪ್ಪು ಬೆನ್ನಿನ ಹಿಂದೆ ಏನು ನಡೆಯುತ್ತಿರಬಹುದೆಂದು ಕಲ್ಪಿಸುತ್ತಿದ್ದೆ. ಸೊಳ್ಳೆಮರಿ ಹಾಕಲು ಹೋಗುವ ಸುಮತಿಯ ಮುಖವನ್ನು ಜ್ಯೋತಿಷಿಯಂತೆ ಓದುತ್ತಿದ್ದೆ. ಅವಳು ತುಟಿ ಬಿಗಿದು ಒಳಗೆ ಹೋಗುವಳು. ಒಂದು ದಿನ ಮಾತ್ರ, ನೀರಿನ ಮೇಲಿಂದ ಬಗ್ಗಿ ನೋಡಿ, ಅವಳು ಸೀರೆಯ ತುಂಡನ್ನು ಸರಕ್ಕನೆ ಇನ್ನಷ್ಟು ಕೆಳಗೆಳೆದದ್ದು ನನಗೆ ಕಂಡಿತು. ಕೇಳಲಿಲ್ಲ. ನೀವು ನಂಬಲಿಕ್ಕಿಲ್ಲ, ಯಾರಿಗೂ ಹೇಳಲೂ ಇಲ್ಲ. ಗಣಿತದ ಮೇಷ್ಟ್ರು “ಮೀನಿನ ಸಮಾಚಾರವೇನು?” ಎಂದಾಗ “ಹೀಗೇ ಉಂಟು” ಎಂದುಬಿಟ್ಟೆ. ಆ ಅರ್ಧ ಸುಳ್ಳು ಹೇಳುವಾಗ ಹೊಟ್ಟೆಯೊಳಗೆ ಬೆಚ್ಚಗೆ ಏನನ್ನೋ ಬಚ್ಚಿಟ್ಟುಕೊಂಡಂಥ ಸುಖ.

ಸುಮತಿ ಹಾಗೆ ಬಗ್ಗಿ ನೋಡಿದ ಹತ್ತನೆಯ ದಿನ, ಆದಿತ್ಯವಾರ, ಹತ್ತೂವರೆಯ ಬಿಸಿಲು ಕಿಟಕಿಯಿಂದ ಇಳಿದು ತೊಟ್ಟಿಯ ಜೇನುಬಣ್ಣದ ನೀರನ್ನು ಬೆಳಗಿತ್ತು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಕ್ಕಿ ಆರಿಸುತ್ತಿದ್ದ ಸುಮತಿ ಇದ್ದಕ್ಕಿದ್ದಂತೆ ಕೈ ಎತ್ತಿದಳು.

“ಅಲ್ಲಾಡಬೇಡಿ.”

ಬೇರಿನ ಬದಿಯಿಂದ ತಾಯಿ ಮೀನು ಹೊರಗೆ ಬಂದಿತು. ಅದರ ಸುತ್ತ ನೀರೇ ನಡುಗುತ್ತಿರುವಂತೆ ಕಂಡಿತು. ಕಣ್ಣು ಕಿರಿದಾಗಿಸಿ ನೋಡಿದೆ. ಮರಿಗಳು! ಕಣ್ಣೊಂದೇ ಕಾಣುವಷ್ಟು ಪಾರದರ್ಶಕವಾದ, ರೆಪ್ಪೆಗೂದಲಿನಷ್ಟು ಸಣ್ಣ ಮರಿಗಳ ಒಂದು ಮೋಡ. ಹಿಂದಿನಿಂದ ತಂದೆ, ಗುಂಪಿನಿಂದ ಚದುರಿದ್ದನ್ನು ಬಾಯಲ್ಲಿ ಹಿಡಿದು ತಂದು ಮತ್ತೆ ಮೋಡದೊಳಗೆ ಉಗುಳುತ್ತಿತ್ತು. ಯಾರೂ ಕರೆಯದೆ, ಯಾರೂ ಗಾಜು ಬಡಿಯದೆ, ಅವು ತಾವಾಗಿಯೇ ಬೇರನ್ನು ಬಳಸಿ, ಹಸಿರು ಎಲೆಗಳ ನಡುವೆ ಹಾದು, ನೇರ ನಮ್ಮ ಕಡೆಯ ಗಾಜಿನವರೆಗೆ ಬಂದವು. ನಾನೂ ಸುಮತಿಯೂ ಕುಳಿತಲ್ಲಿಂದಲೇ ತೆವಳಿಕೊಂಡು ಹತ್ತಿರ ಹೋದೆವು. ಮರಿಗಳು ತಾಯಿಯ ಪಕ್ಕೆಗೆ ಬಾಯಿಟ್ಟು ಏನನ್ನೋ ಮೆಲ್ಲುತ್ತಿದ್ದವು. ತಾಯಿ ಮೈ ಓರೆ ಮಾಡಿಕೊಂಡು ನಿಂತುಕೊಟ್ಟಿತ್ತು.

ಅಷ್ಟರಲ್ಲಿ ಹೊರಗಿನಿಂದ “ಮೀನ್ ಬೋಡೇ?” ಎಂಬ ಆ ಗಂಟಲು ಕೇಳಿಸಿತು. ನಾವಿಬ್ಬರೂ ಒಟ್ಟಿಗೇ ತುಟಿಗೆ ಬೆರಳಿಟ್ಟು ಬಾಗಿಲ ಕಡೆ ತಿರುಗಿದೆವು. ದೇಯಕ್ಕನಿಗೆ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಬುಟ್ಟಿಯನ್ನು ಜಗಲಿಯಲ್ಲಿಳಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಹೆಜ್ಜೆಯ ಸದ್ದಾಗದಂತೆ ಬಂದು ನಮ್ಮ ನಡುವೆ ಕುಳಿತರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು:

“ಇಷ್ಟು ವರ್ಷ ಮೀನು ಎಷ್ಟಕ್ಕೆ ಹೋಗ್ತದೆ ಅಂತ ಮಾತ್ರ ನೋಡಿದ್ದು ಮಾಷ್ಟ್ರೇ. ಮರಿಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗ್ತದೆ ಅಂತ ಇವತ್ತು ನೋಡಿದೆ.”

ಗೇಟಿನ ಹೊರಗೆ ಪಾತ್ರೆ ಹಿಡಿದ ನೆರೆಯವರು ಒಬ್ಬೊಬ್ಬರಾಗಿ ಬಂದು, ಜಗಲಿಯ ಮೇಲೆ ಒಂಟಿಯಾಗಿ ಕುಳಿತ ಬುಟ್ಟಿಯನ್ನು ನೋಡಿ, “ದೇಯಕ್ಕಾ, ಎಲ್ಲಿದ್ದೀರಿ ಮಾರಾಯ್ರೆ?” ಎಂದು ಕರೆಯತೊಡಗಿದರು. ಒಳಗೆ ನಮ್ಮ ಮೂವರಲ್ಲಿ ಒಬ್ಬರೂ ಏಳಲಿಲ್ಲ. ಆ ದಿನ ನಮ್ಮ ಬೀದಿಯ ಅಷ್ಟೂ ಮನೆಗಳಲ್ಲಿ ಮೀನಿನ ಸಾರು ಒಂದು ಗಂಟೆ ತಡವಾಗಿ ಕುದಿಯಿತು. ಏಕೆಂದು ಮಾತ್ರ ನಾನು ಯಾರಿಗೂ ಹೇಳಲಿಲ್ಲ.